ಗದ್ದುಗೆ ಖಾಲಿಯಾಗಿತ್ತು: ಮಲೇರಿಯ ಕೆಂಪು ಜೇಡಿ ಹೇಳುವ ಸಾಕ್ಷ್ಯ

ಡೈನೋಸಾರ್ ಎಂದ ಕೂಡಲೇ ನಮಗೆ ನೆನಪಾಗುವುದು ಬೆಟ್ಟದಂಥ ಮೈ, ನೆಲ ನಡುಗಿಸುವ ನಡಿಗೆ. ಈ ಪ್ರಾಣಿಗಳು ಹುಟ್ಟಿದವು, ತಮಗಿಂತ ಹಿಂದೆ ಇದ್ದವನ್ನೆಲ್ಲ ಸೋಲಿಸಿದವು, ಭೂಮಿಯನ್ನು ಆಳಿದವು. ಶಾಲೆಯ ಪುಸ್ತಕದಿಂದ ಸಿನಿಮಾದವರೆಗೆ ಹಬ್ಬಿರುವ ಕಥೆ ಇದು. ಕೇಳಲು ಚೆನ್ನಾಗಿದೆ. ಬಲಶಾಲಿ ಗೆಲ್ಲುತ್ತಾನೆ ಎಂಬ ನಮ್ಮ ನಂಬಿಕೆಗೂ ಹೊಂದುತ್ತದೆ. ಆದರೆ ಈ ಕಥೆಯ ನಡುಭಾಗ ಸರಿಯಿಲ್ಲ ಎಂಬುದು ಈ ಹೊತ್ತಿನ ನನ್ನ ವಾದ. ಡೈನೋಸಾರ್‌ಗಳು ಯಾರನ್ನೂ ಇಳಿಸಿ ಗದ್ದುಗೆ ಏರಲಿಲ್ಲ. ಅಲ್ಲಿದ್ದವರು ಬೇರೆ ಕಾರಣಕ್ಕೆ ಅಳಿದರು. ಗದ್ದುಗೆ ಖಾಲಿಯಾಯಿತು. ಇವು ಬಂದು ಕುಳಿತವು. ಇದಕ್ಕೆ ಸಾಕ್ಷ್ಯ ಹುಡುಕಿಕೊಂಡು ಅಮೆರಿಕಕ್ಕೋ ಯುರೋಪಿಗೋ ಹೋಗಬೇಕಾಗಿಲ್ಲ. ನೆರೆಯ ತೆಲಂಗಾಣದಲ್ಲಿ, ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ, ಮಲೇರಿ ಎಂಬ ಹಳ್ಳಿಯ ಹೆಸರು ಹೊತ್ತ ಒಂದು ಶಿಲಾಸ್ತರವಿದೆ. ಅಲ್ಲಿಯ ಮಣ್ಣೇ ಸಾಕ್ಷಿ ಹೇಳುತ್ತದೆ.

ಮೊದಲು ಆ ನೆಲ ಎಂಥದೆಂದು ತಿಳಿದುಕೊಳ್ಳೋಣ. ರೇಡಿಯೋದಲ್ಲಿ ನಕ್ಷೆ ತೋರಿಸಲಾಗುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಪ್ರಾಣಹಿತಾ ನದಿ ಗೋದಾವರಿಯನ್ನು ಸೇರುವ ಸೀಮೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ಬಹಳ ಹಿಂದೆ ನೆಲ ಬಿರಿದು, ಉದ್ದವಾದ ಒಂದು ಪಟ್ಟಿ ಕುಸಿಯುತ್ತ ಹೋಯಿತು. ಕುಸಿದ ತಗ್ಗಿಗೆ ನದಿಗಳು ಹರಿದು ಬಂದವು. ಮರಳು, ಮಣ್ಣು, ಕೊಳೆತ ಕಾಡು ಎಲ್ಲವನ್ನೂ ತಂದು ತುಂಬಿದವು. ತಳದ ಪದರಗಳಲ್ಲಿ ಕಾಡು ಕಲ್ಲಿದ್ದಲಾಯಿತು. ಅದೇ ಸಿಂಗರೇಣಿ ಕಲ್ಲಿದ್ದಲು. ನಮ್ಮ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಒಲೆಗಳಲ್ಲಿ ಉರಿದಿರುವುದರಲ್ಲಿ ಅದರ ಪಾಲೂ ಇದೆ. ಕಲ್ಲಿದ್ದಲಿನ ಮೇಲೆ, ಇನ್ನಷ್ಟು ಪದರಗಳು ಕಳೆದ ನಂತರ, ಟ್ರಯಾಸಿಕ್ ಕಾಲದ ಮಣ್ಣು ಕುಳಿತಿದೆ. ಅಂದರೆ ಸುಮಾರು 25 ಕೋಟಿ ವರ್ಷದಿಂದ 20 ಕೋಟಿ ವರ್ಷದವರೆಗಿನ ಕಾಲ. ಅದರಲ್ಲಿ ನಮಗೆ ಬೇಕಾದದ್ದು ಮಲೇರಿ ಪದರ. ಇದು ಬಹುಪಾಲು ಕೆಂಪು ಜೇಡಿ. ನಡುನಡುವೆ ತೆಳುವಾದ ಮರಳುಗಲ್ಲು. ಮರಳುಗಲ್ಲು ಇರುವಲ್ಲಿ ಆಗ ನದಿಯ ಪಾತ್ರವಿತ್ತು. ಜೇಡಿ ಇರುವಲ್ಲಿ ನೆರೆ ಬಂದಾಗ ನೀರು ಹರಡಿ ನಿಲ್ಲುತ್ತಿದ್ದ ಬಯಲು. ಜೇಡಿಯಲ್ಲಿ ಸುಣ್ಣದ ಸಣ್ಣ ಸಣ್ಣ ಗಂಟುಗಳು ಸಿಗುತ್ತವೆ. ಮಳೆಗಾಲವೂ ಕಡು ಬೇಸಿಗೆಯೂ ಸರದಿಯಲ್ಲಿ ಬರುವ ನೆಲದಲ್ಲಿ ಇಂಥ ಗಂಟು ಕಟ್ಟುತ್ತದೆ. ಹಾಗಾಗಿ ಅಂದಿನ ಹವೆ ಎಂಥದೆಂದು ಮಣ್ಣೇ ಹೇಳುತ್ತದೆ. ಕರ್ನಾಟಕದಲ್ಲಿ ಈ ಕಾಲದ ಪದರ ಇಲ್ಲ. ನಮ್ಮ ಬಂಡೆಗಳಲ್ಲಿ ಹೆಚ್ಚಿನವು ಮೂಳೆ ಎಂಬುದೇ ಇಲ್ಲದ ಕಾಲದವು. ಉತ್ತರದ ಕಪ್ಪು ಕಲ್ಲು ಇದಕ್ಕಿಂತ ತೀರ ಹೊಸದು. ಆದ್ದರಿಂದ ದಕ್ಷಿಣದ ನಮಗೆ ಈ ಕಥೆ ಓದಲು ಹತ್ತಿರದ ಜಾಗ ಗೋದಾವರಿಯ ಈ ಸೀಮೆಯೇ.

ಈ ಪದರದ ಬಗ್ಗೆ ಜಗತ್ತಿಗೆ ತಿಳಿದದ್ದು 1850ರ ದಶಕದಲ್ಲಿ. ನಾಗಪುರದಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹಿಸ್ಲಾಪ್ ಎಂಬವರು ಭೂವಿಜ್ಞಾನದ ಹುಚ್ಚು ಹತ್ತಿಸಿಕೊಂಡವರು. ಮಲೇರಿಯ ಕಡೆಯಿಂದ ಅವರಿಗೆ ಪ್ರಾಚೀನ ಮೀನೊಂದರ ಹಲ್ಲುಗಳು ದೊರೆತವು. ಸೆರಾಟೋಡಸ್ ಎಂಬ ಶ್ವಾಸಕೋಶವುಳ್ಳ ಮೀನು ಅದು. ಆಮೇಲೆ ಮೂಳೆಗಳೂ ಬಂದವು. ಡಾರ್ವಿನ್ನನ ಗೆಳೆಯ ಥಾಮಸ್ ಹಕ್ಸ್‌ಲಿ ಅವನ್ನು ನೋಡಿ, ಸ್ಕಾಟ್ಲೆಂಡಿನಲ್ಲಿ ದೊರೆತಿದ್ದ ಒಂದು ಸರೀಸೃಪದ ಸಂಬಂಧಿಯೇ ಇದು ಎಂದು ಗುರುತಿಸಿದ. ನಂತರ ಒಂದು ಶತಮಾನದಷ್ಟು ಕಾಲ ಕೆಲಸ ಕುಂಟುತ್ತ ಸಾಗಿತು. ಅದಕ್ಕೆ ಚುರುಕು ಬಂದದ್ದು 1957ರಿಂದೀಚೆಗೆ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಲಂಡನ್ನಿನ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿಕೊಂಡರು. ಲೆಕ್ಕದ ಸಂಸ್ಥೆಗೂ ಪಳೆಯುಳಿಕೆಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುತ್ತೀರಿ. ಸಂಬಂಧ ಇದೆ, ನಮ್ಮ ವಾದಕ್ಕೆ ಬೇಕಾದದ್ದೇ ಅದು. ಯಾವ ಮೂಳೆ ಸಿಕ್ಕಿತು ಎಂಬುದಷ್ಟೇ ಅಲ್ಲ. ಯಾವ ಪದರದಲ್ಲಿ ಸಿಕ್ಕಿತು, ಅದರ ಜೊತೆಗೆ ಏನೇನು ಸಿಕ್ಕಿತು ಎಂಬುದರ ಲೆಕ್ಕವೂ ಮುಖ್ಯ. ಅಲ್ಲಿ ದೊರೆತ ಒಂದು ಪ್ರಾಣಿಗೆ ಆ ಸಂಸ್ಥೆಯ ನೆನಪಿಗಾಗಿ ಎಕ್ಸೆರೆಟೋಡಾನ್ ಸ್ಟಾಟಿಸ್ಟಿಕೇ ಎಂಬ ಹೆಸರನ್ನೇ ಇಟ್ಟಿದ್ದಾರೆ. ಪ್ರಾಣಿಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರಕ್ಕೆ ಇಂಥ ಗೌರವ ಅಪರೂಪ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗೋದಾವರಿ ಸೀಮೆಯಲ್ಲಿ ಟ್ರಯಾಸಿಕ್ ಕಾಲದ ಕೆಂಪು ಜೇಡಿ ಇದೆ. ಅದು ನದಿ ಬಯಲಿನ ಮಣ್ಣು. ಅದರಲ್ಲಿ ಮೂಳೆಗಳಿವೆ. ಈಗ ಆ ಪದರದ ಕೆಳಭಾಗಕ್ಕೆ ಇಳಿಯೋಣ. ಸುಮಾರು 23 ಕೋಟಿ ವರ್ಷದ ಹಿಂದಿನ ಕಾಲ. ಆಗ ಇಲ್ಲಿಯ ನಿಜವಾದ ಒಡೆಯ ಯಾರು? ಹೈಪರೋಡಾಪೆಡಾನ್ ಎಂಬ ಪ್ರಾಣಿ. ಅದರ ಕುಲಕ್ಕೆ ರಿಂಕೋಸಾರ್ ಎನ್ನುತ್ತಾರೆ. ಬಾಲ ಸೇರಿ ಒಂದೂವರೆ ಎರಡು ಮೀಟರ್ ಉದ್ದ. ದುಂಡು ಮೈ, ಗಿಡ್ಡ ಕಾಲು. ಅದರ ತಲೆಯನ್ನು ಸ್ವಲ್ಪ ನಿಧಾನವಾಗಿ ಬಣ್ಣಿಸಬೇಕು. ಹಿಂಭಾಗದಲ್ಲಿ ತಲೆಬುರುಡೆ ಬಹಳ ಅಗಲ, ಮೇಲಿನಿಂದ ನೋಡಿದರೆ ತ್ರಿಕೋನ. ಮುಂಭಾಗದಲ್ಲಿ ಮೇಲ್ದವಡೆಯ ಎರಡು ಮೂಳೆಗಳು ಕೊಕ್ಕಿನಂತೆ ಕೆಳಗೆ ಬಾಗಿವೆ. ಬಾಯೊಳಗೆ ಮೇಲಿನ ಪ್ರತಿ ದವಡೆಯೂ ಒಂದು ಹಲಗೆ. ಆ ಹಲಗೆಯ ತುಂಬ ಸಾಲುಸಾಲಾಗಿ ಹಲ್ಲುಗಳು, ನಡುವೆ ಉದ್ದಕ್ಕೆ ಒಂದು ಕಾಲುವೆ. ಕೆಳದವಡೆ ಅಲಗಿನಂತೆ ತೆಳ್ಳಗಿದ್ದು ಸರಿಯಾಗಿ ಆ ಕಾಲುವೆಗೇ ಬಂದು ಕೂರುತ್ತದೆ. ನಮ್ಮ ಮನೆಯ ಅಡಕತ್ತರಿ ಕೆಲಸ ಮಾಡುವ ಬಗೆಯೇ ಇದು. ಗಟ್ಟಿ ಎಲೆ, ನಾರುಳ್ಳ ಕಾಂಡ, ಗೆಡ್ಡೆ ಯಾವುದು ಸಿಕ್ಕಿದರೂ ತುಂಡಾಗಬೇಕು. ಹಲ್ಲು ಸವೆದಂತೆ ಹಿಂದುಗಡೆಯಿಂದ ಹೊಸ ಹಲ್ಲು ಸೇರಿಕೊಳ್ಳುತ್ತಿತ್ತು. ಮೇಯುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಬಾಯಿ ಬೇಕೆ? ಈ ಪ್ರಾಣಿ ಮಲೇರಿಯಲ್ಲಿ ಮಾತ್ರ ಇರಲಿಲ್ಲ. ಸ್ಕಾಟ್ಲೆಂಡ್, ಬ್ರೆಜಿಲ್, ಅರ್ಜೆಂಟೀನಾ, ತಾಂಜಾನಿಯಾ, ಎಲ್ಲ ಕಡೆ ಇದರ ಬಳಗ ಸಿಕ್ಕಿದೆ. ಖಂಡಗಳೆಲ್ಲ ಆಗ ಕೂಡಿಕೊಂಡಿದ್ದವು. ನಡೆದೇ ಹೋಗಬಹುದಿತ್ತು.

ಇದರ ನೆರೆಹೊರೆಯವರೂ ಸಾಮಾನ್ಯರಲ್ಲ. ನೀರಿನಲ್ಲಿ ಪ್ಯಾರಾಸುಕಸ್ ಇತ್ತು. ನೋಡಲು ಥೇಟ್ ಮೊಸಳೆ. ಆದರೆ ಮೊಸಳೆಗೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿದ್ದರೆ ಇದಕ್ಕೆ ಕಣ್ಣಿನ ಹತ್ತಿರ. ಎರಡು ಪ್ಯಾರಾಸುಕಸ್ ಅಸ್ಥಿಪಂಜರಗಳು ಹೆಚ್ಚುಕಡಿಮೆ ಇಡಿಯಾಗಿ ದೊರೆತವು. ಅವುಗಳ ಹೊಟ್ಟೆ ಇದ್ದ ಜಾಗದಲ್ಲಿ ಹಲ್ಲಿಯನ್ನು ಹೋಲುವ ಇನ್ನೊಂದು ಪ್ರಾಣಿಯ ಮೂಳೆಗಳಿದ್ದವು. ತಿಂದ ಊಟ ಅರಗುವ ಮೊದಲೇ ತಿಂದವರು ಸತ್ತಿದ್ದಾರೆ. ಆ ಊಟಕ್ಕೆ ವಿಜ್ಞಾನಿ ಶಂಕರ್ ಚಟರ್ಜಿ ಮಲೇರಿಸಾರಸ್ ಎಂದು ಹೆಸರಿಟ್ಟರು. ಕೆಸರಿನಲ್ಲಿ ಮೆಟೋಪೋಸಾರ್ ಎಂಬ ಉಭಯಜೀವಿ ಇತ್ತು. ಚಪ್ಪಟೆ ತಲೆ, ತಲೆಯ ಮುಂಭಾಗದಲ್ಲೇ ಕಣ್ಣು. ಕಪ್ಪೆಯ ದೂರದ ನೆಂಟ ಎನ್ನಬಹುದು, ಗಾತ್ರ ಮಾತ್ರ ಮನುಷ್ಯನಷ್ಟು. ದಡದ ಮೇಲೆ ಸಸ್ತನಿಗಳ ದಾಯಾದಿಯಾದ ಎಕ್ಸೆರೆಟೋಡಾನ್ ಇತ್ತು. ಇಷ್ಟೆಲ್ಲ ಆದ ಮೇಲೆ ಡೈನೋಸಾರ್ ಎಲ್ಲಿ? ಇದೆ. ಅಲ್ವಾಕೇರಿಯಾ ಎಂಬ ಒಂದು ಪುಟ್ಟ ಪ್ರಾಣಿ. ಮೂತಿಯ ತುಣುಕು, ಬೆನ್ನುಮೂಳೆಯ ಕೆಲವು ಮಣಿ, ಒಂದು ತೊಡೆಮೂಳೆ, ಒಂದು ಹರಡಿನ ಮೂಳೆ, ಅಷ್ಟೇ. ಅದರಲ್ಲೂ ಬೇರೆ ಬೇರೆ ಪ್ರಾಣಿಗಳ ಮೂಳೆ ಬೆರೆತಿವೆ ಎಂದು ಆಮೇಲೆ ಪರೀಕ್ಷಿಸಿದವರು ತೋರಿಸಿದ್ದಾರೆ. ಡೈನೋಸಾರ್ ಎಂದು ಧೈರ್ಯವಾಗಿ ಹೇಳಬಹುದಾದದ್ದು ಕಾಲಿನ ಆ ಒಂದೆರಡು ಮೂಳೆ ಮಾತ್ರ. ಕೆಳ ಮಲೇರಿಯ ಕಾಲದಲ್ಲಿ ಡೈನೋಸಾರ್‌ಗಳ ಸ್ಥಾನಮಾನ ಇದು.

ಒಮ್ಮೆ ಹಿಂದಿರುಗಿ ನೋಡೋಣ. ಕೆಳಗಿನ ಪದರದಲ್ಲಿ ರಿಂಕೋಸಾರ್ ಧಾರಾಳ, ಡೈನೋಸಾರ್ ವಿರಳ. ಈಗ ಮೇಲಕ್ಕೆ ಏರೋಣ. ಮಲೇರಿಯ ಮೇಲ್ಭಾಗ, ಸುಮಾರು 22 ಕೋಟಿ ವರ್ಷದ ಹಿಂದೆ. ರಿಂಕೋಸಾರ್‌ಗಳ ಸುಳಿವಿಲ್ಲ. ಈ ಒಂದೇ ಕಣಿವೆಯಲ್ಲಲ್ಲ, ಆ ಕಾಲಕ್ಕೆ ಲೋಕದಲ್ಲೆಲ್ಲ ಅವು ಅಳಿದಿದ್ದವು. ಈಗ ಡೈನೋಸಾರ್‌ಗಳು ಒಂದೊಂದಾಗಿ ಕಾಣತೊಡಗುತ್ತವೆ. ನಂಬಾಲಿಯಾ, ಜಕ್ಲಪಲ್ಲಿಸಾರಸ್. ಎರಡೂ ಸಸ್ಯಾಹಾರಿಗಳ ಕವಲಿಗೆ ಸೇರಿದವು, ಎರಡೂ ಅಲ್ಲಿಯ ಹಳ್ಳಿಗಳ ಹೆಸರು ಹೊತ್ತಿವೆ. ಜೊತೆಗೆ ಒಂದು ಬೇಟೆಗಾರ ಪ್ರಾಣಿ, ಮಲೇರಿರ್ಯಾಪ್ಟರ್. ಸೊಂಟ ಮತ್ತು ಬಾಲದ ಕೆಲವು ಮೂಳೆಗಳಿಂದ ಅದನ್ನು ಗುರುತಿಸಿ ಹೆಸರಿಟ್ಟದ್ದು 2025ರಲ್ಲಿ. ಇನ್ನೂ ಮೇಲಿನ ಪದರಕ್ಕೆ ಧರ್ಮಾರಂ ಎನ್ನುತ್ತಾರೆ. ಅದರ ಮೇಲ್ಭಾಗದಲ್ಲಿ ಲ್ಯಾಂಪ್ಲಫ್‌ಸಾರಾ ಎಂಬ, ಸುಮಾರು 10 ಮೀಟರ್ ಉದ್ದದ ಡೈನೋಸಾರ್ ಇದೆ. ಅದಕ್ಕೂ ಮೇಲೆ ಕೋಟಾ ಪದರ. ಅಲ್ಲಿ ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಬಾರಾಪಾಸಾರಸ್ ಟಾಗೋರಿ ಇದೆ. ಉದ್ದ ಸುಮಾರು 14 ಮೀಟರ್. ಕೇಳುಗರೆ, ಗಮನಿಸಿ. ಒಂದೇ ಕಣಿವೆ, ಒಂದರ ಮೇಲೊಂದು ಪದರ. ಕೆಳಗೆ ಒಂದೆರಡು ಕಾಲುಮೂಳೆ, ಮೇಲೆ 14 ಮೀಟರ್ ದೈತ್ಯ. ಈ ಏರಿಕೆಯ ಮೆಟ್ಟಿಲುಗಳೆಲ್ಲ ಒಂದೇ ಕಡೆ ಸಿಗುವ ಜಾಗ ಜಗತ್ತಿನಲ್ಲಿ ಬಹಳ ಇಲ್ಲ.

ಏರಿಕೆ ಆದದ್ದು ನಿಜ. ಹೇಗೆ ಆಯಿತು ಎಂಬುದು ಪ್ರಶ್ನೆ. ಹಳೆಯ ಉತ್ತರ ಸ್ಪರ್ಧೆಯದು. ಡೈನೋಸಾರ್‌ಗಳ ಕಾಲು ಮೈಯ ಕೆಳಗೆ ನೇರವಾಗಿ ನಿಲ್ಲುತ್ತಿತ್ತು, ಆದ್ದರಿಂದ ಅವು ಚುರುಕಾಗಿ ಓಡಿ ಉಳಿದವನ್ನು ಹಿಂದೆ ಹಾಕಿದವು ಎಂದು ಬ್ರಿಟನ್ನಿನ ಅಲನ್ ಚಾರಿಗ್ ಹೇಳಿದರು. ಅವು ಬಿಸಿರಕ್ತದವು, ಅದೇ ಅವುಗಳ ಬಲ ಎಂದು ಅಮೆರಿಕದ ರಾಬರ್ಟ್ ಬೇಕರ್ ವಾದಿಸಿದರು. ಎರಡೂ ಪ್ರಬಲವಾದ ವಾದಗಳೇ, ಅಲ್ಲಗಳೆಯುವುದಿಲ್ಲ. ಆದರೆ ಸ್ಪರ್ಧೆ ನಡೆದಿದ್ದರೆ ಮಣ್ಣಿನಲ್ಲಿ ಅದರ ಗುರುತು ಇರಬೇಕು. ಒಂದು ಕುಲ ಮೆಲ್ಲಮೆಲ್ಲಗೆ ಇಳಿಯಬೇಕು, ಇನ್ನೊಂದು ಅದೇ ಹೊತ್ತಿಗೆ ಮೆಲ್ಲಮೆಲ್ಲಗೆ ಏರಬೇಕು. ಮಲೇರಿಯಲ್ಲಿ ಹಾಗೆ ಕಾಣುವುದಿಲ್ಲ. ರಿಂಕೋಸಾರ್‌ಗಳು ತುಂಬಿ ತುಳುಕುತ್ತಿದ್ದಾಗ ಡೈನೋಸಾರ್‌ಗಳು ಲೆಕ್ಕಕ್ಕಿಲ್ಲ. ರಿಂಕೋಸಾರ್‌ಗಳು ಹೋದ ಮೇಲೆ ಡೈನೋಸಾರ್‌ಗಳ ಮೇಯುವ ಕವಲು ಬೆಳೆಯತೊಡಗುತ್ತದೆ. ಕಾರಣ ಎಂದೂ ಪರಿಣಾಮಕ್ಕಿಂತ ಹಿಂದೆ ಇರಬೇಕಲ್ಲವೇ? ಇನ್ನೂ ಹುಟ್ಟಿ ನೆಲೆಯೂರದ ಸ್ಪರ್ಧಿ ಯಾರನ್ನು ಸೋಲಿಸೀತು? ಮೈಕೆಲ್ ಬೆಂಟನ್ ಎಂಬ ವಿಜ್ಞಾನಿ 1983ರಲ್ಲೇ ಈ ಮಾತನ್ನು ಲೋಕದ ಹಲವು ಪದರಗಳ ಲೆಕ್ಕ ಹಾಕಿ ಮುಂದಿಟ್ಟರು. 2008ರಲ್ಲಿ ಸ್ಟೀಫನ್ ಬ್ರುಸಾಟೆ ಮತ್ತು ಜೊತೆಗಾರರು ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಟ್ರಯಾಸಿಕ್‌ನಲ್ಲಿ ಮೊಸಳೆಯ ಕಡೆಯ ಬಳಗವೇ ಡೈನೋಸಾರ್‌ಗಳಿಗಿಂತ ಹೆಚ್ಚು ಬಗೆಬಗೆಯ ರೂಪ ತಾಳಿತ್ತು ಎಂದು ತೋರಿಸಿದರು. ಆ ದಿನ ಪಂದ್ಯ ಕಟ್ಟುವವನೊಬ್ಬ ಇದ್ದಿದ್ದರೆ ಡೈನೋಸಾರ್‌ಗಳ ಮೇಲೆ ಹಣ ಹಾಕುತ್ತಿರಲಿಲ್ಲ.

ವಾದ ಇಷ್ಟು: ಮೊದಲು ತೆರವಾಯಿತು, ಆಮೇಲೆ ತುಂಬಿತು. ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು: ಡೈನೋಸಾರ್‌ಗಳು ಆಗ ಚಿಕ್ಕವು, ಮೂಳೆ ತೆಳು. ನದಿಯಲ್ಲಿ ಉರುಳಿ ಪುಡಿಯಾಗಿರಬಹುದು. ಸಿಗಲಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ಈ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ನಾನು ನೂರಕ್ಕೆ ಇಷ್ಟು ಎಂದು ಮಲೇರಿಯ ಲೆಕ್ಕ ಕೊಡಲಿಲ್ಲ. ಆದರೆ ಚಿಕ್ಕ ಮೂಳೆ ಉಳಿಯುವುದೇ ಇಲ್ಲ ಎಂದರೆ ಒಪ್ಪಲಾಗದು. ಅದೇ ಮಣ್ಣಿನಲ್ಲಿ ಮಲೇರಿಸಾರಸ್ ಉಳಿದಿದೆ, ಅದೂ ಇನ್ನೊಂದರ ಹೊಟ್ಟೆಯಲ್ಲಿ. ಮೀನಿನ ಹಲ್ಲು ಉಳಿದಿದೆ, ಪ್ರಾಣಿಗಳ ಸಗಣಿ ಕೂಡ ಕಲ್ಲಾಗಿ ಉಳಿದಿದೆ. ಎಲ್ಲವನ್ನೂ ಉಳಿಸಿದ ಮಣ್ಣು ಡೈನೋಸಾರ್‌ಗಳ ಮೇಲೆ ಮಾತ್ರ ಹಗೆ ಸಾಧಿಸಿತೇ? ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು. ಡೈನೋಸಾರ್‌ಗಳು ಆಗ ಎತ್ತರದ ಒಣ ನೆಲದಲ್ಲಿ ಬಹಳ ಇದ್ದವು, ನದಿ ಬಯಲಿಗೆ ಬರುತ್ತಿರಲಿಲ್ಲ, ಬಯಲಿನ ಮಣ್ಣಷ್ಟೇ ನಮಗೆ ಉಳಿದಿದೆ ಎಂದು. ಇರಲಿ, ಒಪ್ಪೋಣ. ಆದರೆ ಮೇಲಿನ ಪದರಗಳಲ್ಲಿ ಅದೇ ಬಗೆಯ ನದಿ ಬಯಲಿನಲ್ಲಿ ಅವು ಸಿಗುತ್ತವೆ. ಅಂದರೆ ಮೇಲಿಂದ ಇಳಿದು ಬಂದವು ಎಂದಾಯಿತು. ಯಾವಾಗ ಇಳಿದವು? ಬಯಲಿನ ಹಳೆಯ ನಿವಾಸಿಗಳು ಇಲ್ಲವಾದ ಮೇಲೆ. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೇ ಇಂಬು ಕೊಡುತ್ತದೆ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಮಲೇರಿಯಲ್ಲಿ ಜ್ವಾಲಾಮುಖಿಯ ಬೂದಿಯ ಪದರ ಸಿಕ್ಕಿಲ್ಲ. ಬೂದಿ ಇದ್ದರೆ ಅದರ ವಯಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದಿತ್ತು. ಅರ್ಜೆಂಟೀನಾದ ಇಷಿಗ್ವಲಾಸ್ಟೋ ಕಣಿವೆಯಲ್ಲಿ ಬೂದಿ ಇದೆ, ವಯಸ್ಸು ಗೊತ್ತಿದೆ. ಮಲೇರಿಯ ಪ್ರಾಣಿಗಳು ಅಲ್ಲಿಯವನ್ನು ಹೋಲುತ್ತವೆ ಎಂಬುದರ ಮೇಲೆ ಮಲೇರಿಯ ವಯಸ್ಸನ್ನು ಕಟ್ಟಿದ್ದಾರೆ. ಹಾಗಿರುವಾಗ ಎರಡೂ ಕಡೆ ಒಂದೇ ಕಾಲಕ್ಕೆ ಒಂದೇ ಕಥೆ ನಡೆಯಿತು ಎನ್ನುವುದು ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಗುವುದಿಲ್ಲವೇ? ಕಾಲದ ಮಟ್ಟಿಗೆ ಈ ದೂರು ನಿಜ. 23 ಕೋಟಿ, 22 ಕೋಟಿ ಎಂದು ನಾನು ಹೇಳಿದ ಅಂಕಿಗಳು ಹತ್ತಿಪ್ಪತ್ತು ಲಕ್ಷ ವರ್ಷ, ಇನ್ನೂ ಹೆಚ್ಚೇ ಇರಲಿ, ಆಚೀಚೆ ಆಗಬಹುದು. ಆದರೆ ನನ್ನ ವಾದ ನಿಂತಿರುವುದು ಅಂಕಿಯ ಮೇಲಲ್ಲ, ಕ್ರಮದ ಮೇಲೆ. ಕೆಳಗಿನ ಪದರ ಮೊದಲು ಕುಳಿತದ್ದು, ಮೇಲಿನದು ಆಮೇಲೆ ಕುಳಿತದ್ದು. ಇದಕ್ಕೆ ಅರ್ಜೆಂಟೀನಾದ ಅನುಮತಿ ಬೇಕಾಗಿಲ್ಲ. ವಯಸ್ಸು ತಪ್ಪಿರಬಹುದು, ಸರದಿ ತಪ್ಪಲಾರದು. ಅರ್ಜೆಂಟೀನಾದ ಮಣ್ಣು ತನ್ನ ಪಾಡಿಗೆ ತಾನು ಅದೇ ಸರದಿಯನ್ನು ಹೇಳುತ್ತದೆ. ಅಲ್ಲಿಯ ಕೆಳ ಪದರಗಳಲ್ಲಿ ದೊರೆತ ಮಾದರಿಗಳಲ್ಲಿ ಡೈನೋಸಾರ್‌ಗಳದು ಸುಮಾರು ಹತ್ತರಲ್ಲಿ ಒಂದು ಪಾಲು. ಅಲ್ಲಿಯೂ ಕಣಿವೆಯ ಒಡೆತನ ರಿಂಕೋಸಾರ್ ಮತ್ತು ಎಕ್ಸೆರೆಟೋಡಾನ್ ಬಳಗದ್ದೇ.

ಮೂರು ಆಕ್ಷೇಪಗಳನ್ನು ನೋಡಿದೆವು. ಇನ್ನು ಎದುರು ಪಕ್ಷಕ್ಕೆ ನನ್ನದೊಂದು ಪ್ರಶ್ನೆ. ಡೈನೋಸಾರ್‌ಗಳು ಹುಟ್ಟಿನಿಂದಲೇ ಮೇಲಾಗಿದ್ದರೆ ಹೋದಲ್ಲೆಲ್ಲ ಗೆಲ್ಲಬೇಕಿತ್ತು. ಉತ್ತರ ಅಮೆರಿಕದ ನೈಋತ್ಯ ಭಾಗ ಆಗ ಸಮಭಾಜಕ ವೃತ್ತದ ಹತ್ತಿರವಿತ್ತು. ಅಲ್ಲಿಯ ಟ್ರಯಾಸಿಕ್ ಪದರಗಳಲ್ಲಿ ಡೈನೋಸಾರ್ ಇವೆ, ಆದರೆ ಚಿಕ್ಕ ಬೇಟೆಗಾರರು ಮಾತ್ರ. ಗೋದಾವರಿ ಸೀಮೆಯಲ್ಲಿ ಬೆಳೆದಂಥ ಉದ್ದ ಕತ್ತಿನ ಸಸ್ಯಾಹಾರಿ ಅಲ್ಲಿ ಒಂದೂ ಇಲ್ಲ. ಸುಮಾರು 3 ಕೋಟಿ ವರ್ಷ ಅವು ಆ ಕಡೆ ಕಾಲಿಡಲಿಲ್ಲ. ನಡುವೆ ಸಮುದ್ರ ಇರಲಿಲ್ಲ. ಮೊಸಳೆಯ ಬಳಗದವರು ಅಲ್ಲಿ ಹಾಯಾಗಿ ದೊಡ್ಡ ದೊಡ್ಡ ಜಾಗಗಳನ್ನು ಹಿಡಿದು ಕೂತಿದ್ದರು. ಪದೇ ಪದೇ ಏರುಪೇರಾಗುತ್ತಿದ್ದ ಹವೆ, ಕಾಡ್ಗಿಚ್ಚು ಇವುಗಳಿಂದ ಅಲ್ಲಿ ದೊಡ್ಡ ಸಸ್ಯಾಹಾರಿಗಳಿಗೆ ಮೇವು ನಂಬುವಂತಿರಲಿಲ್ಲ ಎಂದು 2015ರಲ್ಲಿ ಒಂದು ತಂಡ ಮಣ್ಣಿನ ರಾಸಾಯನಿಕ ಪರೀಕ್ಷೆಯಿಂದ ತೋರಿಸಿತು. ಹವೆ ಒಗ್ಗಿದಲ್ಲಿ ಬೆಳೆದವು, ಒಗ್ಗದಲ್ಲಿ ಇಲ್ಲ. ಗೆಲ್ಲುವ ಗುಣ ಮೈಯಲ್ಲೇ ಇದ್ದ ಪ್ರಾಣಿ 3 ಕೋಟಿ ವರ್ಷ ಬಾಗಿಲಲ್ಲಿ ಕಾಯುವುದಿಲ್ಲ. ಆ ಬಾಗಿಲು ತೆರೆದದ್ದು ಸುಮಾರು 20 ಕೋಟಿ ವರ್ಷದ ಹಿಂದೆ. ಕೂಡಿದ್ದ ಖಂಡಗಳು ಬಿರಿಯತೊಡಗಿ, ಈಗಿನ ಅಟ್ಲಾಂಟಿಕ್ ಸಾಗರ ಇರುವ ಕಡೆ ಲಾವಾ ಉಕ್ಕಿತು. ಟ್ರಯಾಸಿಕ್ ಕಾಲ ಅಲ್ಲಿಗೆ ಮುಗಿಯಿತು. ಪ್ಯಾರಾಸುಕಸ್‌ನ ಕುಲ ಅಳಿಯಿತು, ಮೊಸಳೆಯ ಕಡೆಯವರಲ್ಲಿ ಕೆಲವರಷ್ಟೇ ಉಳಿದರು.

ಹಾಗಾದರೆ ನೇರ ಕಾಲು, ಬಿಸಿರಕ್ತ ಇವಕ್ಕೆಲ್ಲ ಬೆಲೆಯೇ ಇಲ್ಲವೇ? ಇದೆ. ಖಾಲಿ ಜಾಗ ಸಿಕ್ಕ ಮೇಲೆ ಅದನ್ನು ಬೇಗ ತುಂಬಲು, ಬರಗಾಲ ದಾಟಲು ಆ ಗುಣಗಳು ನೆರವಾಗಿರಬೇಕು. ಎಲ್ಲವೂ ಬರಿಯ ಅದೃಷ್ಟ ಎಂದು ನಾನು ಹೇಳುತ್ತಿಲ್ಲ. ರಿಂಕೋಸಾರ್‌ಗಳು ಏಕೆ ಅಳಿದವು ಎಂಬುದರ ಬಗ್ಗೆ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಹವೆ ಬದಲಾಯಿತು ಎನ್ನುವವರಿದ್ದಾರೆ, ಮೇವು ಬದಲಾಯಿತು ಎನ್ನುವವರಿದ್ದಾರೆ. ಅಡಕತ್ತರಿಯಂಥ ಬಾಯಿ ಒಂದು ಬಗೆಯ ಮೇವಿಗೆ ಎಷ್ಟು ಒಳ್ಳೆಯದೋ, ಆ ಮೇವು ತಪ್ಪಿದಾಗ ಅಷ್ಟೇ ಕಷ್ಟ ಎಂದು ನನಗೆ ತೋರುತ್ತದೆ. ಕಾರಣ ಯಾವುದೇ ಇರಲಿ, ಡೈನೋಸಾರ್ ಅಂತೂ ಕಾರಣವಲ್ಲ. ಮಲೇರಿಯ ಮಣ್ಣು ಅಷ್ಟನ್ನು ಖಚಿತವಾಗಿ ಹೇಳುತ್ತದೆ.

ಹೈದರಾಬಾದಿಗೆ ಹೋಗುವ ಕೇಳುಗರಿಗೆ ಕೊನೆಯದಾಗಿ ಒಂದು ಮಾತು. ಅಲ್ಲಿಯ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್‌ನ ಅಸ್ಥಿಪಂಜರ ನಿಂತಿದೆ. ಮಲೇರಿಗಿಂತ ಮೇಲಿನ ಕೋಟಾ ಪದರದ ಪ್ರಾಣಿ ಅದು, ಸುಮಾರು 9 ಮೀಟರ್ ಉದ್ದ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ನೋಡುವಾಗ ಕೆಳಗಿನ ಪದರದ ಆ ಒಂದೆರಡು ಕಾಲುಮೂಳೆಗಳನ್ನೂ ಮಕ್ಕಳಿಗೆ ಹೇಳಿ. ಕೋಟಾಸಾರಸ್‌ನ ಅಸ್ಥಿಪಂಜರವನ್ನು ಒಂದೇ ಪ್ರಾಣಿಯಿಂದಲ್ಲ, ಹಲವು ಪ್ರಾಣಿಗಳ ಮೂಳೆಗಳಿಂದ ಜೋಡಿಸಿದ್ದಾರೆ. ಅದರ ತಲೆಬುರುಡೆ ನೆಲದಲ್ಲಿ ದೊರೆತಿಲ್ಲ. ನೀವು ನೋಡುವ ತಲೆ ಅದರ ಬಂಧುಗಳನ್ನು ನೋಡಿ ಊಹಿಸಿ ಮಾಡಿದ್ದು.